ಕೂಲಿಕಾರರೂ ಅವರ ಹಿತಚಿಂತಕರೂ

ಈ ಅಂಕಣದ ವಾಚಕರಾದ ಸೋದರಿಯೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗನು ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿರುವನಂತೆ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಉಗ್ರ ಸಮಾಜವಾದಿಗಳು ಅನೇಕರುಂಟೆಂದೂ, ಅವರು ಕೂಲಿಕಾರರ ಪರವಾಗಿ ಹಗಲಿರುಳೂ ವಾದಿಸುವರೆಂದೂ, ಕೂಲಿಕಾರರು ಮಾತ್ರ ಇವರ ಕಡೆ ತಿರುಗಿಯೂ ನೋಡುವುದಿಲ್ಲವೆಂದೂ, ಆ ಜನಕ್ಕೆ ತಮ್ಮ ಹಿತವು ತಮಗೇ ತಿಳಿಯದೆಂದೂ ಅವನು ತಾಯಿಗೆ ಬರೆದಿರುವನು. ಇದು ನಿಜವೆ, ನಿಜವಾದರೆ ಕಾರಣವೇನು ಎಂದು ಆ ತಾಯಿಯವರು ಕೇಳಿರುವರು. ಮಗನ ಮಾತಿನಲ್ಲಿ ಮೊದಲನೆಯ ಭಾಗವು ಬಹುಮಟ್ಟಿಗೆ ನಿಜವೆಂದೇ ನಮ್ಮ ಅಭಿಪ್ರಾಯ. ಕಡೆಯ ಮಾತನ್ನು ನಾವು ಒಪ್ಪಲಾರೆವು.

ಕಾರ್ಖಾನೆಗಳು ಬೆಳೆದ ದೇಶಗಳಲ್ಲಿಯೇ ಕೂಲಿಕಾರರ ಕ್ರಾಂತಿಯಾಗುವುದೆಂದು ಕಾರ್ಲ್ ಮಾರ್ಕ್ಸನು ನಿರೀಕ್ಷಿಸಿದ್ದನು. ಕಾರ್ಖಾನೆಗಳು ಮೊಟ್ಟಮೊದಲು ತಲೆಯೆತ್ತಿದುದು ಬ್ರಿಟನ್ನಿನಲ್ಲಿ; ಕ್ರಾಂತಿಯಾದುದೋ 1917ರಲ್ಲಿ, ಬೇಸಾಯಗಾರರೇ ತುಂಬಿದ್ದ ರಷ್ಯದಲ್ಲಿ. ಬ್ರಿಟನ್ನಿನ ಕಮ್ಯೂನಿಸ್ಟ್ ಪಕ್ಷವು 1920ರಲ್ಲಿ ಸ್ಥಾಪಿತವಾಯಿತು. 1945ರ ಚುನಾವಣೆಯಲ್ಲಿ, ಎಂದರೆ ಕೂಲಿಕಾರರ ಉತ್ಸಾಹವು ಉಕ್ಕಿ ಹರಿದ ವರ್ಷದಲ್ಲಿ, ಲೇಬರ್ ಪಕ್ಷಕ್ಕೆ 393 ಸ್ಥಾನಗಳು ದೊರೆತವು. ಕಮ್ಯೂನಿಸ್ಟರಿಗೆ ದೊರೆತುದು ಎರಡು. 1950ರಲ್ಲಿ ಅವರು ನೂರು ಮಂದಿ ಅಭ್ಯರ್ಥಿಗಳನ್ನು ನಿಲ್ಲಿಸಿ ಆ ಎರಡನ್ನೂ ಕಳೆದುಕೊಂಡರು. 1991ರಲ್ಲಿ ಪಕ್ಷವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಫ್ರಾನ್ಸಿನಲ್ಲಿ ಕೆಲವು ಕಾಲ ಬೇರೆ ಸ್ಥಿತಿಯಿದ್ದಿತು. ಅದನ್ನು ಕಡೆಯಲ್ಲಿ ಹೇಳುವೆವು.

ಬರಿಯ ಅಂಕಿಗಳಿಂದ ಮನುಷ್ಯರ ಮನಸ್ಸು ತಿಳಿಯುವುದಿಲ್ಲ. ಆದಕಾರಣ ಒಂದೇ ಊರನ್ನು ತೆಗೆದುಕೊಂಡು ನೋಡೋಣ. ಆ ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ. ಕಾಲವು 1915ರಿಂದ 1923ರ ವರೆಗೆ. ಅಲ್ಲಿ ಜಾನ್ ಮಕ್ಲೀನ್ ಎಂಬೊಬ್ಬ ಶಾಲೆಯ ಉಪಾಧ್ಯಾಯರಿದ್ದರು. ಉಪಾಧ್ಯಾಯ ವೃತ್ತಿಯವರೆಂದರೆ ನಮಗೆ ಸಹಜವಾಗಿಯೇ ಸ್ವಲ್ಪ ಪಕ್ಷಪಾತವುಂಟು. ವಾಚಕರು ಅದನ್ನು ಲೆಕ್ಕಕ್ಕೆ ಹಿಡಿದುಕೊಂಡು ಓದಬಹುದು.

ಮಕ್ಲೀನರು 1879ರಲ್ಲಿ ಗ್ಲಾಸ್ಗೋವಿನ ಬಳಿಯ ಪೊಲಕ್‌ಷಾಸ್ ಎಂಬಲ್ಲಿ ಹುಟ್ಟಿದರು. ತಂದೆ ಕುಂಬಾರಿಕೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಮಗನಿಗೆ ಎಂಟು ವರ್ಷವಾಗಿದ್ದಾಗ ತೀರಿಕೊಂಡನು. ತಾಯಿ ಮೈಮುರಿದು ದುಡಿದು ಮಕ್ಕಳನ್ನು ಓದಿಸಿದಳು. ಮಗನು ಉಪಾಧ್ಯಾಯನಾಗಿ, 1904ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಎಂ. ಎ. ಪದವಿಯನ್ನು ಪಡೆದನು. ಹಗಲು ಮಕ್ಕಳಿಗೆ ಪಾಠ. ಸಂಜೆ ಮತ್ತು ಭಾನುವಾರ ಕೂಲಿಕಾರರಿಗೆ ಅರ್ಥಶಾಸ್ತ್ರದ ಪಾಠ. ಹಡಗು ಕಟ್ಟುವವರು, ಯಂತ್ರದ ಕೆಲಸದವರು, ಗಣಿಯವರು ನೂರುಗಟ್ಟಲೆ ಸೇರಿ, ಮಾರ್ಕ್ಸನ ಗ್ರಂಥದಂತಹ ಕಬ್ಬಿಣದ ಕಡಲೆಯನ್ನು ಈ ಮೇಷ್ಟರ ಬಾಯಿಂದ ಕೇಳುತ್ತಿದ್ದರು. ದಿನವೆಲ್ಲಾ ಸುತ್ತಿಗೆ ಹಿಡಿದ ಕೈಗೆ ರಾತ್ರಿ ಪೆನ್ಸಿಲು ಹಿಡಿಸುವುದು ಎಷ್ಟು ಕಷ್ಟವೆಂಬುದನ್ನು ಪಾಠ ಹೇಳಿದವರೇ ಬಲ್ಲರು. ಕೂಲಿಕಾರರಿಗೆ ತಿಳಿವಳಿಕೆ ಬೇಡವಾಗಿದ್ದರೆ ಆ ಕೊಠಡಿಗಳು ತುಂಬುತ್ತಿರಲಿಲ್ಲ.

1915ರಲ್ಲಿ ಯುದ್ಧವು ನಡೆಯುತ್ತಿದ್ದಿತು. ಮದ್ದುಗುಂಡಿನ ಕಾರ್ಖಾನೆಗಳಿಗೆಂದು ಸಾವಿರಾರು ಜನರು ಗ್ಲಾಸ್ಗೋವಿಗೆ ಬಂದು ತುಂಬಿದರು. ಅಲ್ಲಿಯ ಬಡವರು ವಾಸಿಸುತ್ತಿದ್ದುದು ನಮ್ಮ ಊರುಗಳ ವಠಾರದಂತಹ ಮನೆಗಳಲ್ಲಿ: ಒಂದು ಮಹಡಿಮೆಟ್ಟಲಿಗೆ ಹಲವು ಸಂಸಾರಗಳು, ಸಂಸಾರಕ್ಕೆ ಒಂದೆರಡು ಕೋಣೆ. ಗಿರಾಕಿ ಹೆಚ್ಚಿದರೆಂದು ಮನೆಯ ಯಜಮಾನರು ಬಾಡಿಗೆಯನ್ನು ಏರಿಸಿದರು. ಅನೇಕ ಮನೆಗಳಲ್ಲಿ ಗಂಡಸು ಯುದ್ಧಕ್ಕೆ ಹೋಗಿದ್ದನು. ಆಗ ಗೋವನ್ ಎಂಬ ಭಾಗದಲ್ಲಿ ಮೇರಿ ಬಾರ್ಬರ್ ಎಂಬ ಗೃಹಿಣಿಯು ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು, ಏರಿಸಿದ ಬಾಡಿಗೆಯನ್ನು ಕೊಡುವುದಿಲ್ಲವೆಂದು ನಿಂತಳು. ಕಿಟಕಿ ಕಿಟಕಿಗೂ ಕಾಗದ ಅಂಟಿಸಿದರು. ಮನೆ ಬಿಡಿಸಲು ಅಮೀನನು ಬಂದರೆ, ಮೆಟ್ಟಲ ಬಳಿ ಕಾವಲಿರುತ್ತಿದ್ದವಳು ಕೈಗಂಟೆ ಬಾರಿಸುವಳು; ಒಡನೆಯೇ ಎಲ್ಲ ಮನೆಗಳಿಂದಲೂ ಹೆಂಗಸರು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಓಡಿಬಂದು ಹಿಟ್ಟಿನ ಉಂಡೆಗಳನ್ನೂ ಒದ್ದೆ ಬಟ್ಟೆಗಳನ್ನೂ ಅವನ ಮೇಲೆ ಎಸೆಯುವರು. ಅಮೀನನು ಹಿಟ್ಟು ಮೆತ್ತಿದ ಕೋಟಿನೊಡನೆ ಹಿಂದಿರುಗುವನು! ವರ್ಷದ ಕೊನೆಯ ಹೊತ್ತಿಗೆ ಸುಮಾರು 20,000 ಸಂಸಾರಗಳು ಈ ಬಾಡಿಗೆಯ ಮುಷ್ಕರದಲ್ಲಿ ಸೇರಿದ್ದವು.

ನವೆಂಬರ್ 17ರಂದು ಕೆಲವು ಬಾಡಿಗೆದಾರರನ್ನು ನ್ಯಾಯಸ್ಥಾನಕ್ಕೆ ಕರೆಸಿದರು. ಹೆಂಗಸರು ಸಾವಿರಗಟ್ಟಲೆಯಾಗಿ ಹೊರಟರು; ಹಡಗು ಕಾರ್ಖಾನೆಗಳಿಂದ ಗಂಡಸರು ಕೆಲಸ ಬಿಟ್ಟು ಬಂದು ಕೂಡಿಕೊಂಡರು. ದಾರಿಯಲ್ಲಿ ಮಕ್ಲೀನರ ಶಾಲೆ. ಯುದ್ಧದ ವಿರುದ್ಧ ಮಾತನಾಡಿದರೆಂದು ಅವರನ್ನು ಕೆಲಸದಿಂದ ತೆಗೆಯುವ ತೀರ್ಮಾನವಾಗಿದ್ದ ದಿನಗಳವು. ಜನರು ಶಾಲೆಯಿಂದಲೇ ಅವರನ್ನು ಹೆಗಲ ಮೇಲೆ ಹೊತ್ತುಕೊಂಡು ನ್ಯಾಯಸ್ಥಾನದ ಮುಂದೆ ಇಳಿಸಿ ಭಾಷಣ ಮಾಡಿಸಿದರೆಂದು ಹೇಳುವರು. ಮೊಕದ್ದಮೆಗಳು ನಿಂತವು. ಆ ವರ್ಷ ಮುಗಿಯುವುದರೊಳಗಾಗಿ ಪಾರ್ಲಿಮೆಂಟು ಕಾನೂನು ಮಾಡಿ, ಯುದ್ಧಕ್ಕೆ ಮೊದಲು ಇದ್ದ ಮಟ್ಟಕ್ಕೆ ಬಾಡಿಗೆಯನ್ನು ಕಟ್ಟಿಹಾಕಿತು.

ಇಷ್ಟಾದ ಮೇಲೆ ಮಕ್ಲೀನರು ಆ ಜನರ ಮುಖಂಡರಾಗಿ ಪಾರ್ಲಿಮೆಂಟಿಗೆ ಹೋಗಿರಬೇಕೆಂದು ಯಾರಾದರೂ ಊಹಿಸುವರು. ಆದುದು ಹಾಗಲ್ಲ. 1916ರಲ್ಲಿ ಅವರಿಗೆ ಮೂರು ವರ್ಷಗಳ ಕಠಿಣ ಸಜೆಯಾಯಿತು, ಮರುವರ್ಷ ಬಿಡುಗಡೆ. 1918ರಲ್ಲಿ ರಷ್ಯದ ಹೊಸ ಸರಕಾರವು ಅವರನ್ನು ಗ್ಲಾಸ್ಗೋವಿನ ತನ್ನ ಪ್ರತಿನಿಧಿಯೆಂದು ನೇಮಿಸಿತು. ಅದೇ ವರ್ಷ ಮತ್ತೆ ಐದು ವರ್ಷಗಳ ಸಜೆ. ಉಪವಾಸ ಹೂಡಿದಾಗ ಬಲವಂತದಿಂದ ಗಂಟಲಿಗೆ ಆಹಾರವನ್ನು ಸುರಿದರು. ಡಿಸೆಂಬರಿನಲ್ಲಿ ಸೆರೆಯಿಂದ ಬಂದವರು, ಮೈಯಲ್ಲಿ ಕಸುವಿಲ್ಲದಿದ್ದರೂ, ಗಾರ್ಬಲ್ಸ್ ಕ್ಷೇತ್ರದಲ್ಲಿ ಲೇಬರ್ ಪಕ್ಷದ ಹೆಸರಿನಲ್ಲಿ ನಿಂತು 7,000ಕ್ಕೆ ಮೇಲ್ಪಟ್ಟು ಮತಗಳನ್ನು ಪಡೆದು ಸೋತರು. 1922ರಲ್ಲಿ ಅದೇ ಕ್ಷೇತ್ರದಲ್ಲಿ ಯಾವ ದೊಡ್ಡ ಪಕ್ಷದ ಆಸರೆಯೂ ಇಲ್ಲದೆ, ತಾವು ಬೋಲ್ಷೆವಿಕರೆಂದು ಮುಚ್ಚುಮರೆಯಿಲ್ಲದೆ ಸಾರಿ ನಿಂತರು. ಈ ಸಲ ಬಂದ ಮತಗಳು ಸುಮಾರು 4,000. ಲೇಬರ್ ಪಕ್ಷದ ಜಾರ್ಜ್ ಬುಕಾನನ್ ಎಂಬುವರಿಗೆ ಅದರ ನಾಲ್ಕರಷ್ಟು ಬಂದವು. ಅದೇ ಚುನಾವಣೆಯಲ್ಲಿ ಗ್ಲಾಸ್ಗೋವಿನ 15 ಸ್ಥಾನಗಳಲ್ಲಿ ಹತ್ತು ಲೇಬರ್ ಪಕ್ಷಕ್ಕೆ ದೊರೆತವು. ಗೆದ್ದವರನ್ನು ಲಂಡನ್ನಿಗೆ ಬೀಳ್ಕೊಡಲು ರೈಲ್ವೆ ನಿಲ್ದಾಣದ ಬಳಿ ಜನಸಾಗರವೇ ನೆರೆದಿದ್ದಿತು. ಅವರು ಹಾಡಿದುದು ಕೆಂಪು ಬಾವುಟದ ಹಾಡೊಂದನ್ನೇ ಅಲ್ಲ. ತಮ್ಮ ಹಿರಿಯರು ದೇವಾಲಯದಲ್ಲಿ ಹಾಡುತ್ತಿದ್ದ ಭಕ್ತಿಗೀತಗಳನ್ನೂ ಹಾಡಿದರು.

ಈ ಭಕ್ತಿಗೀತಗಳ ಸಂಗತಿಯನ್ನು ಓದಿದಾಗ ನಮಗೆ ಬಹಳ ವಿಷಯ ತಿಳಿದಂತಾಯಿತು. ಮಾರ್ಕ್ಸನ ಶಿಷ್ಯರು ಧರ್ಮವನ್ನು ಅಫೀಮೆಂದು ಹಳಿದರು. ಕೂಲಿಕಾರನ ಮನೆಯಲ್ಲಿಯೋ ಮಗುವಿನ ನಾಮಕರಣವೂ ತಾಯಿಯ ಉತ್ತರಕ್ರಿಯೆಯೂ ಆ ಧರ್ಮದಲ್ಲಿಯೇ ನಡೆಯಬೇಕು. ಗೆದ್ದ ಹತ್ತು ಮಂದಿಯಲ್ಲಿ ಜಾನ್ ವೀಟ್ಲಿ ಎಂಬುವರು ಗಣಿಗಾರನ ಮಗ, ಕ್ಯಾಥೊಲಿಕ್ ಮತದವರು. ಸಮಾಜವಾದಿಯಾದರೆಂದು 1912ರಲ್ಲಿ ಅವರ ಮತದವರೇ ಅವರ ಮನೆಯ ಮುಂದೆ ಅವರ ಪ್ರತಿಮೆಯನ್ನು ಸುಟ್ಟರು. ಮುಂದಿನ ಭಾನುವಾರ ಅವರು ಎಂದಿನಂತೆ ಪೂಜೆಗೆ ಹೋದರು! ಇಂತಹವರು ಬಾಗಿಲಿಗೆ ಬಂದಾಗ, ಒಳಗೆ ಬನ್ನಿರೆಂದು ಕರೆಯಲು ಮುದುಕಿಯರು ಹೆದರಲಿಲ್ಲ. 1924ರಲ್ಲಿ ಇದೇ ವೀಟ್ಲಿಯವರು ಮಂತ್ರಿಗಳಾಗಿ ಮಾಡಿದ ಕಾನೂನಿನಿಂದ ಸುಮಾರು ಐದು ಲಕ್ಷ ಬಾಡಿಗೆಯ ಮನೆಗಳನ್ನು ಪುರಸಭೆಗಳು ಕಟ್ಟಿಸಿದವು. ಮೇರಿ ಬಾರ್ಬರ್ 1920ರಲ್ಲಿ ನಗರಸಭೆಗೆ ಆರಿಸಲ್ಪಟ್ಟು, ಶಾಲೆಯ ಮಕ್ಕಳಿಗೆ ಹಾಲು, ಬಟ್ಟೆ ಒಗೆಯುವ ಸಾರ್ವಜನಿಕ ಮನೆ, ಸ್ನಾನಗೃಹ ಎಂದು ಒಂದೊಂದಕ್ಕಾಗಿಯೂ ಹೋರಾಡಿದಳು.

ಹೀಗಿರುವಲ್ಲಿ ಗಾರ್ಬಲ್ಸಿನ ಗೃಹಿಣಿಯೊಬ್ಬಳು ಮಕ್ಲೀನರನ್ನು ಬಿಟ್ಟು ಬುಕಾನನರಿಗೆ ಮತ ಕೊಟ್ಟರೆ ಅದನ್ನು ಅಜ್ಞಾನವೆನ್ನುವುದು ಹೇಗೆ? ಅವಳು ವಾರದ ಕೂಲಿಯನ್ನು ಮೇಜಿನ ಮೇಲೆ ಹರವಿ, ಇದು ಬಾಡಿಗೆಗೆ, ಇದು ಕಲ್ಲಿದ್ದಲಿಗೆ, ಇದು ರೊಟ್ಟಿಗೆ ಎಂದು ಪಾಲು ಮಾಡಿದವಳು. ಕ್ರಾಂತಿಯಾದ ಮೇಲೆ ಬಾಡಿಗೆಯೇ ಇರುವುದಿಲ್ಲವೆಂದು ಒಬ್ಬರು ಹೇಳುವರು. ಬರುವ ವರ್ಷ ಬಾಡಿಗೆಯನ್ನು ಏರಿಸಗೊಡುವುದಿಲ್ಲವೆಂದು ಇನ್ನೊಬ್ಬರು ಹೇಳುವರು. ಮೊದಲನೆಯದು ಸುಳ್ಳೆಂದು ಅವಳು ತಿಳಿದಳೆಂದಲ್ಲ. ಅದಕ್ಕೆ ತೆರಬೇಕಾದ ಬೆಲೆಯನ್ನು ಮೊದಲು ತೆರುವವಳು ತಾನೆಂಬುದನ್ನು ಬಲ್ಲಳು. 1926ರಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರವಾಯಿತು. ಒಂಬತ್ತೇ ದಿನಗಳಲ್ಲಿ ಅದು ಮುಗಿಯಿತು. ಗಣಿಗಾರರು ಮಾತ್ರ ಸುಮಾರು ಏಳು ತಿಂಗಳು ಕೂಲಿಯಿಲ್ಲದೆ ನಿಂತು, ಕಡೆಗೆ ಹಿಂದಿಗಿಂತ ಕಡಿಮೆಯ ಕೂಲಿಗೆ ಮರಳಿದರು. ಆ ಏಳು ತಿಂಗಳು ಒಲೆಯನ್ನು ಉರಿಸಿದವರು ಯಾರೆಂಬುದನ್ನು ಸಿದ್ಧಾಂತದ ಗ್ರಂಥಗಳಲ್ಲಿ ನಾವು ಹೆಚ್ಚಾಗಿ ಕಾಣೆವು.

ಮಕ್ಲೀನರ ಮನೆಯಲ್ಲಿಯೂ ಇದೇ ಕಷ್ಟ. ಅವರ ಪತ್ನಿ ಆಗ್ನೆಸ್ ರೋಗಿಗಳ ಶುಶ್ರೂಷೆಯಲ್ಲಿ ತರಬೇತು ಪಡೆದವರು. ಕೆಲಸ ಹೋದ, ಸೆರೆಮನೆಗೆ ಹೋಗಿಬರುವ, ಹೊರಗಿದ್ದ ದಿನವೆಲ್ಲಾ ಸಭೆಗಳಲ್ಲಿರುವ ಪತಿಯೊಡನೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲಾರದೆ 1919ರಲ್ಲಿ ಬೇರೆಯಾದರು. ಕೊನೆಯ ದಿನಗಳಲ್ಲಿ ಮಾತ್ರ ಹಿಂದಿರುಗಿದರು. ಇದರಿಂದ ಮಕ್ಲೀನರ ಹೆಸರಿಗೆ ಕುಂದೆಂದು ನಾವು ಹೇಳುವುದಿಲ್ಲ. ಅಂತಹ ತ್ಯಾಗವನ್ನು ಜನರು ಗೌರವಿಸಿದರು, ಆದರೆ ತಮ್ಮ ಮಕ್ಕಳ ತಲೆಯ ಮೇಲೆ ಅದನ್ನು ತಂದುಕೊಳ್ಳಲು ಒಪ್ಪಲಿಲ್ಲ. 1923ರ ನವೆಂಬರ್ 30ರಂದು, ಮತ್ತೊಂದು ಚುನಾವಣೆಗೆ ನಿಂತಿದ್ದಾಗಲೇ, ನ್ಯುಮೋನಿಯ ರೋಗದಿಂದ ಅವರು ತೀರಿಕೊಂಡರು. ವಯಸ್ಸು 44. ಚಳಿಯಲ್ಲಿ ನಡುಗುತ್ತಿದ್ದ ಪರದೇಶಿಯೊಬ್ಬನಿಗೆ ತಮ್ಮ ಒಂದೇ ಮೇಲಂಗಿಯನ್ನು ಕೊಟ್ಟುಬಿಟ್ಟಿದ್ದರೆಂದು ಇಂದಿಗೂ ಹೇಳುತ್ತಾರೆ. ಶವಯಾತ್ರೆಗೆ ಸಾವಿರ ಸಾವಿರವಾಗಿ ಜನರು ಬಂದರು. ಒಂದು ವರ್ಷದ ಹಿಂದೆ ಅವರಿಗೆ ಮತ ಕೊಡದಿದ್ದವರೂ ಅದರಲ್ಲಿ ಬಹುಮಂದಿ ಇದ್ದಿರಲೇಬೇಕು.

ಇಷ್ಟರಿಂದ ಒಂದು ಕಾರಣ ತಿಳಿಯಿತು. ಇನ್ನೊಂದು ಕಾರಣವು ಮಾತಿನ ರೀತಿಗೆ ಸೇರಿದುದು. ಸಂಸ್ಕೃತ ವ್ಯಾಕರಣದಲ್ಲಿ 'ಅವನು' ಎಂಬುದು ಪ್ರಥಮಪುರುಷ, 'ನೀನು' ಎಂಬುದು ಮಧ್ಯಮಪುರುಷ, 'ನಾನು' ಎಂಬುದು ಉತ್ತಮಪುರುಷ. ಉಗ್ರಪಂಥದ ಲೇಖನಗಳನ್ನು ನಾವು ಓದಿದಷ್ಟು ಮಟ್ಟಿಗೆ ಹೇಳುವುದಾದರೆ, ಅವುಗಳಲ್ಲಿ ಕೂಲಿಕಾರನು ಬರುವುದು ಬಹುಮಟ್ಟಿಗೆ ಪ್ರಥಮಪುರುಷದಲ್ಲಿಯೇ. ಅವನು ಇಂತಹವನು, ಅವನಿಗೆ ಇದು ತಿಳಿಯಬೇಕು, ಅವನು ಇದನ್ನು ಮಾಡುವನು! ಕೂಲಿಕಾರರು ತಮ್ಮಷ್ಟಕ್ಕೆ ಬಿಟ್ಟರೆ ಕೂಲಿಯ ಜಗಳದಿಂದಾಚೆಗೆ ಹೋಗಲಾರರು, ಜ್ಞಾನವನ್ನು ಹೊರಗಿನಿಂದ ಒಯ್ಯಬೇಕು ಎಂದು ಲೆನಿನ್ 1902ರಲ್ಲಿಯೇ ಬರೆದನು. ನಮ್ಮ ಸೋದರಿಯವರ ಮಗನು ಬರೆದ ಮಾತು ಹೊಸದೇನಲ್ಲ. ತನ್ನ ವಿಷಯವನ್ನು ತನ್ನ ಎದುರಿಗೇ ಹೀಗೆ ಆಡುವವರನ್ನು ಯಾವ ಮಾನವಂತನೂ ಬಹಳ ಹೊತ್ತು ಸಹಿಸನು.

ಜಾರ್ಜ್ ಆರ್ವೆಲ್ ಎಂಬ ಗ್ರಂಥಕರ್ತರು (ಇವರು ಹುಟ್ಟಿದುದು ನಮ್ಮ ಬಿಹಾರದ ಮೋತಿಹಾರಿಯಲ್ಲಿ) 1936ರಲ್ಲಿ ಇಂಗ್ಲೆಂಡಿನ ಉತ್ತರಭಾಗದ ಗಣಿಯ ಊರುಗಳಲ್ಲಿ ಇದ್ದು, ಗಣಿಯೊಳಕ್ಕೂ ಇಳಿದು ನೋಡಿ, ಮರುವರ್ಷ ಒಂದು ಪುಸ್ತಕವನ್ನು ಪ್ರಕಟಿಸಿದರು. ತಾವು ಸಮಾಜವಾದಿಗಳಾಗಿದ್ದೇ, ಅದರ ಉತ್ತರಾರ್ಧದಲ್ಲಿ ಓದಿದ ಸಮಾಜವಾದಿಗಳನ್ನು ಚೆನ್ನಾಗಿ ಹಾಸ್ಯ ಮಾಡಿರುವರು. ಬಡವರ ಮೇಲೆ ಇವರಿಗೆ ಪ್ರೀತಿಗಿಂತ ಸಿರಿವಂತರ ಮೇಲೆ ದ್ವೇಷವೇ ಹೆಚ್ಚೆಂದೂ, ಕೂಲಿಕಾರನು ಸಮಾಜವಾದವೆಂದು ತಿಳಿಯುವುದು ಒಳ್ಳೆಯ ಕೂಲಿಯನ್ನೂ ಕಡಿಮೆ ಹೊತ್ತಿನ ದುಡಿತವನ್ನೂ ತನ್ನ ಮೇಲೆ ಯಾರೂ ಗದರದಿರುವುದನ್ನೂ ಎಂದೂ ಅವರ ಅಭಿಪ್ರಾಯ. ಪ್ರಕಾಶಕರಾದ ಗೊಲಾನ್ಸರು ಗಾಬರಿಗೊಂಡು, ಆ ಭಾಗವನ್ನು ಖಂಡಿಸುವ ಮುನ್ನುಡಿಯನ್ನು ತಾವೇ ಬರೆದು ಸೇರಿಸಿದರು. ಆರ್ವೆಲ್ಲರು ಹಾಸ್ಯ ಮಾಡಿದವರಲ್ಲಿ ಹಣ್ಣಿನ ರಸ ಕುಡಿಯುವವರೂ ಚಪ್ಪಲಿ ಮೆಟ್ಟುವವರೂ ಸಸ್ಯಾಹಾರಿಗಳೂ ಸೇರಿರುವರು. ಈ ಮೂರೂ ಲಕ್ಷಣಗಳಿರುವ ನಮಗೆ ಅದನ್ನು ಓದಿ ಸ್ವಲ್ಪ ಮುಜುಗರವಾಯಿತು!

ಕೂಲಿಕಾರರಿಗೆ ಕಮ್ಯೂನಿಸ್ಟನೆಂಬ ಹೆಸರೇ ಆಗದೆಂದು ಯಾರೂ ತಿಳಿಯಬಾರದು. ವೇಲ್ಸ್ ಪ್ರಾಂತದ ರಾಂಡಾ ಕಣಿವೆಯಲ್ಲಿ ಮಾರ್ಡಿ ಎಂಬ ಗಣಿಯ ಊರಿಗೆ 'ಚಿಕ್ಕ ಮಾಸ್ಕೋ' ಎಂಬ ಹೆಸರೇ ಬಂದಿದ್ದಿತು. ಅಲ್ಲಿಯ ಆರ್ಥರ್ ಹಾರ್ನರ್ ಎಂಬ ಕಮ್ಯೂನಿಸ್ಟರನ್ನು 1936ರಲ್ಲಿ ದಕ್ಷಿಣ ವೇಲ್ಸಿನ ಗಣಿಗಾರರು ತಮ್ಮ ಸಂಘದ ಅಧ್ಯಕ್ಷರನ್ನಾಗಿ ಆರಿಸಿದರು. 1946ರಲ್ಲಿ ಇಡೀ ಬ್ರಿಟನ್ನಿನ ಗಣಿಗಾರರ ಸಂಘವು ಅವರನ್ನು ಪ್ರಧಾನ ಕಾರ್ಯದರ್ಶಿಗಳನ್ನಾಗಿ ಮಾಡಿಕೊಂಡಿತು. ಅದೇ ಹಾರ್ನರರು 1933ರಲ್ಲಿ ಪಾರ್ಲಿಮೆಂಟಿಗೆ ನಿಂತಾಗ ರಾಂಡಾದವರು ಲೇಬರ್ ಪಕ್ಷವನ್ನೇ ಗೆಲ್ಲಿಸಿದರು. 1945ರಲ್ಲಿ ಪಕ್ಷದ ಮುಖಂಡರಾದ ಹ್ಯಾರಿ ಪಾಲಿಟರು ಅಲ್ಲಿಯೇ 972 ಮತಗಳಿಂದ ಸೋತರು. ಕೂಲಿಯ ಲೆಕ್ಕ, ಗಣಿಯಲ್ಲಿ ಕಾಲು ಮುರಿದವನ ಪರಿಹಾರ, ಇವುಗಳನ್ನು ಹಾರ್ನರರ ಕೈಯಲ್ಲಿ ನಿಶ್ಚಿಂತೆಯಾಗಿ ಬಿಟ್ಟ ಜನರು ದೇಶದ ಆಡಳಿತವನ್ನು ಅವರ ಪಕ್ಷದ ಕೈಯಲ್ಲಿಡಲು ಹಿಂದೆಗೆದರು.

ಅದಕ್ಕೆ ಕಾರಣವೂ ದೊಡ್ಡ ರಹಸ್ಯವಲ್ಲ. ಹಾರ್ನರರು ಪಕ್ಕದ ಬೀದಿಯವರು. ಪಕ್ಷಕ್ಕೆ ಅಪ್ಪಣೆ ಬರುತ್ತಿದ್ದುದು ಮಾಸ್ಕೋವಿನಿಂದ. 1928ರಲ್ಲಿ ಲೇಬರ್ ಪಕ್ಷದವರೂ ಶತ್ರುಗಳೆಂದು ಅಪ್ಪಣೆಯಾಯಿತು. ನೆರೆಮನೆಯ ಲೇಬರ್ ಪಕ್ಷದವನನ್ನು ಫ್ಯಾಸಿಸ್ಟನೆಂದು ಬಯ್ಯುವುದು ಜನರಿಗೆ ರುಚಿಸಲಿಲ್ಲ. 1930ರ ಹೊತ್ತಿಗೆ ಪಕ್ಷದ ಸದಸ್ಯರು ಮೂರು ಸಾವಿರಕ್ಕೂ ಕಡಿಮೆಯಾದರು. 1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಮೇಲಿನ ಯುದ್ಧವು ನ್ಯಾಯವೆಂದರು. ಅಕ್ಟೋಬರಿನಲ್ಲಿ ಅನ್ಯಾಯವೆಂದು, ಮೊದಲಿನ ಮಾತನ್ನು ಬಿಡದ ಪಾಲಿಟರನ್ನು ಪದವಿಯಿಂದ ಇಳಿಸಿದರು. 1941ರಲ್ಲಿ ಹಿಟ್ಲರನು ರಷ್ಯದ ಮೇಲೆ ಬಿದ್ದೊಡನೆ ಪುನಃ ನ್ಯಾಯವೆಂದರು. ತನ್ನ ಮಗನು ಸೈನ್ಯದಲ್ಲಿರುವ ತಾಯಿಯು ಇಂತಹ ಪಕ್ಷವನ್ನು ಹೇಗೆ ನಂಬಿಯಾಳು? ಮಕ್ಲೀನರು ಈ ಅಪ್ಪಣೆಯ ಕಟ್ಟಿಗೆ ಒಳಪಡದೆ 1920ರಲ್ಲಿಯೇ ಆ ಪಕ್ಷದಿಂದ ಹೊರಗುಳಿದರೆಂಬುದನ್ನು ನ್ಯಾಯವಾಗಿ ಹೇಳಬೇಕು. (1979ರಲ್ಲಿ ಅದೇ ರಷ್ಯವು ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು!)

ಉಗ್ರಪಂಥದವರ ಶ್ರಮವು ವ್ಯರ್ಥವಾಯಿತೆಂದೂ ನಾವು ಹೇಳಲೊಲ್ಲೆವು. 1915ರ ಬಾಡಿಗೆಯ ಕಾನೂನು ಅಷ್ಟು ಬೇಗನೆ ಹುಟ್ಟಿದುದು ಮೇರಿ ಬಾರ್ಬರಳ ಕೈಗಂಟೆಯಿಂದಲೂ ಹೌದು, ಹಡಗು ಕಾರ್ಖಾನೆಗಳು ನಿಂತಾವೆಂಬ ಭಯದಿಂದಲೂ ಹೌದು. ಆ ಭಯವನ್ನು ಹುಟ್ಟಿಸಿದವರಲ್ಲಿ ಮಕ್ಲೀನರಿದ್ದರು. ಬಹುಶಃ ಗ್ಲಾಸ್ಗೋವಿನ ಜನರು ಇದನ್ನು ತಿಳಿದೇ ಅವರನ್ನು ಹೆಗಲ ಮೇಲೆ ಹೊತ್ತರು.

ಇತ್ತೀಚಿನ ಕಾಲದಲ್ಲಿ ಮತ್ತೊಂದು ವಿಚಿತ್ರವಾಗಿದೆ. ತೋಮಾ ಪಿಕೆಟಿ ಎಂಬ ಫ್ರೆಂಚ್ ಅರ್ಥಶಾಸ್ತ್ರಜ್ಞರು ಫ್ರಾನ್ಸ್, ಬ್ರಿಟನ್, ಅಮೆರಿಕ ದೇಶಗಳ 1948ರಿಂದ 2017ರ ವರೆಗಿನ ಚುನಾವಣೆಗಳನ್ನು ಪರಿಶೀಲಿಸಿ 2018ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. 1950-60ರ ದಶಕಗಳಲ್ಲಿ ಎಡಪಕ್ಷಗಳಿಗೆ ಮತ ಕೊಡುತ್ತಿದ್ದವರು ಹೆಚ್ಚಾಗಿ ಕಡಿಮೆ ಓದಿದವರು. ಈಚೆಗೆ ಹೆಚ್ಚು ಓದಿದವರೇ ಆ ಕಡೆ ಸೇರಿರುವರೆಂದು ಅವರು ತೋರಿಸಿದರು. ಇದು ಉಗ್ರಪಂಥವೊಂದರ ಮಾತಲ್ಲ, ಎಡಪಕ್ಷಗಳೆಲ್ಲದರ ಮಾತು. ಇಂತಹ ಪಕ್ಷಕ್ಕೆ ಅವರು ಇಟ್ಟ ಹೆಸರೇನು ಬಲ್ಲಿರಾ? 'ಬ್ರಾಹ್ಮಣ ಎಡಪಂಥ'! ಹಣವಂತರ ಪಕ್ಷವು 'ವಣಿಜರ ಬಲಪಂಥ'. ವಿದ್ಯೆಯನ್ನೇ ಸ್ವತ್ತಾಗಿ ಇಟ್ಟುಕೊಂಡು, ಅದಿಲ್ಲದವನ ಮೇಲೆ ಅದರಿಂದಲೇ ದೊರೆತನ ನಡೆಸುವ ವರ್ಗಕ್ಕೆ ಹೆಸರು ಬೇಕಾದಾಗ ಪ್ಯಾರಿಸಿನ ಪಂಡಿತರಿಗೆ ನಮ್ಮ ದೇಶದ ಶಬ್ದವೇ ಒದಗಿತು. ಇದು ನಮಗೆ ಹೆಮ್ಮೆಯ ಸಂಗತಿಯಲ್ಲ. ಶಬ್ದವು ತಪ್ಪೆಂದು ಸಾಧಿಸಲು ನಾಲ್ವತ್ತು ವರ್ಷ ಸಂಸ್ಕೃತವನ್ನು ಪಾಠ ಹೇಳಿದ ನಮ್ಮಿಂದಲೂ ಆಗಲಿಲ್ಲ.

ಫ್ರಾನ್ಸಿನ ಮಾತನ್ನು ಹೇಳುವೆವೆಂದಿದ್ದೆವಷ್ಟೆ. ಅಲ್ಲಿ 1946ರ ನವೆಂಬರಿನಲ್ಲಿ ಕಮ್ಯೂನಿಸ್ಟರಿಗೆ ನೂರಕ್ಕೆ 28ರಷ್ಟು ಮತಗಳು ಬಂದು, ಅವರೇ ಎಲ್ಲರಿಗಿಂತ ದೊಡ್ಡ ಪಕ್ಷದವರಾದರು. ಮುಖಂಡರಾದ ಮೋರಿಸ್ ತೊರೇಜರು ಉತ್ತರದ ಕಲ್ಲಿದ್ದಲ ಗಣಿಯ ಸೀಮೆಯಲ್ಲಿ, ನ್ವಾಯೆಲ್ ಗೋದೋ ಎಂಬ ಊರಿನಲ್ಲಿ ಹುಟ್ಟಿದವರು. ಸ್ವತಃ ಗಣಿಯಲ್ಲಿ ದುಡಿದವರು. ಪ್ಯಾರಿಸಿನ ಬಳಿಯ ಇವ್ರಿಯಂತಹ ಊರುಗಳಲ್ಲಿ ಪಕ್ಷವೇ ಪುರಸಭೆಯನ್ನು ನಡೆಸಿ, ಔಷಧಾಲಯವನ್ನು ತೆರೆದು, ಬೇಸಗೆಯಲ್ಲಿ ಕೂಲಿಕಾರರ ಮಕ್ಕಳನ್ನು ಸಮುದ್ರತೀರಕ್ಕೆ ಕಳುಹಿಸುತ್ತಿದ್ದಿತು. ಮಾರ್ಕ್ಸನ ಗ್ರಂಥದ ಒಂದು ಪುಟವನ್ನೂ ಓದದ ತಾಯಂದಿರು, ಮಗುವು ಸಮುದ್ರದ ಗಾಳಿಯುಂಡು ಕೆಂಪಗಾಗಿ ಬಂದುದನ್ನು ಕಂಡು ಮತ ಕೊಟ್ಟರು. ತರುವಾಯ ಗಣಿಗಳು ಒಂದೊಂದಾಗಿ ಮುಚ್ಚಿದವು. ಆ ಉತ್ತರದ ಸೀಮೆಯ ಕೊನೆಯ ಗಣಿಯು ಮುಚ್ಚಿದುದು 1990ರ ಡಿಸೆಂಬರಿನಲ್ಲಿ. ಗಣಿಯೊಡನೆ ಸಂಘವೂ, ಸಂಘದೊಡನೆ ಸಂಜೆ ಕೂಡಿ ಕೂರುವ ಜಾಗವೂ ಹೋದವು. 2007ರಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಕಮ್ಯೂನಿಸ್ಟರಿಗೆ ನೂರಕ್ಕೆ ಎರಡು ಮತಗಳೂ ಪೂರ್ತಿ ಬರಲಿಲ್ಲ. ತೊರೇಜರ ಊರಿಗೆ ಅಂಟಿಕೊಂಡಿರುವ ಎನಾಂ ಬೋಮೋನ್ ಎಂಬ ಪಟ್ಟಣದ ಪುರಸಭೆಯನ್ನು 2014ರಲ್ಲಿ, ಮೊದಲನೆಯ ಸುತ್ತಿನಲ್ಲಿಯೇ, ಪರದೇಶದವರನ್ನು ಹೊರಗಿಡಬೇಕೆನ್ನುವ ಉಗ್ರ ಬಲಪಂಥದವರು ಗೆದ್ದುಕೊಂಡರು. ಬಾಗಿಲು ತಟ್ಟಿ, ಏನು ಕಷ್ಟವೆಂದು ಕೇಳುವ ಕೆಲಸವನ್ನು ಈಗ ಅವರು ವಹಿಸಿಕೊಂಡಿರುವರು.

ವೀಟ್ಲಿಯವರು ಕಟ್ಟಿಸಿದ ಮನೆಗಳ ಕಥೆಯು ದೊಡ್ಡದು. ಅದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.